ಮಾನ್ಯಳ ಮಧ್ಯಾಹ್ನದ ನಿದ್ದೆ

ಗರಿಯಾಹಾಟ್, ಕೋಲ್ಕತಾ
೧೨ ಸೆಪ್ಟೆಂಬರ್ ೨೦೨೫

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮ ಹರಿದಾಸ ದೂರದಿಂದಲೇ ಅಡ್ಡಬಿದ್ದಿದ್ದಾನೆ, ಎತ್ತಿಕೋ. ನಿನ್ನ ಕಾಗದ ಬಂದು ತಿಂಗಳಾಯಿತು, ಉತ್ತರ ಬರೆಯಲಿಲ್ಲ, ಬೈಯಬೇಡ. ಬೈದರೂ ಬಾರ್ಕೂರಿನಿಂದ ಇಲ್ಲಿಗೆ ಕೇಳಿಸುವುದಿಲ್ಲ. ಫೋನು ಮಾಡುವ ಎಂದರೆ ನಿನಗೆ ಬಲಗಿವಿ ಮಂದ, ಎಡಗಿವಿಗೆ ಫೋನು ಹಿಡಿಯಬೇಕೆಂದು ನೆನಪಿರುವುದಿಲ್ಲ. ಮೊನ್ನೆ ನಾನು ಹೋಟೆಲಿನ ಗಲ್ಲಾದಲ್ಲಿ ಕೂತು ನಿನ್ನ ಹತ್ತಿರ ಕೂಗಿ ಮಾತಾಡಿದ್ದಕ್ಕೆ, ಮಸಾಲೆದೋಸೆ ತಿನ್ನುತ್ತಿದ್ದ ಬಂಗಾಳಿ ಬಾಬು ಒಬ್ಬರು ಎಂಜಲು ಕೈಯಲ್ಲೇ ಎದ್ದು ಬಂದು ಜಗಳ ಬಿಡಿಸಲಿಕ್ಕೆ ನೋಡಿದರು. ಹಾಗಾಗಿ ಕಾಗದವೇ ಸೈ. ಬಾರ್ಕೂರು ಶಾಲೆಯಲ್ಲಿ ಏಳನೆಯವರೆಗೆ ಓದಿದವನ ಅಕ್ಷರ ಇವತ್ತಿಗೂ ಮುತ್ತು ಪೋಣಿಸಿದ ಹಾಗೆ ಉಂಟು, ನೋಡಿಕೋ. ನಿನ್ನ ಅಳಿಯ ಗುರುಪ್ರಸಾದ ದೊಡ್ಡ ಎಂಜಿನಿಯರು. ಅವನ ಸಹಿ ನೋಡಿದರೆ ಎರೆಹುಳ ಹರಿದ ಹಾಗೆ.

ನಾವು ಗಂಡಹೆಂಡತಿ ಇಬ್ಬರೂ ಕ್ಷೇಮ. ವನಮಾಲಾಳ ಮಂಡಿ ಮೆಟ್ಟಿಲು ಹತ್ತುವಾಗ ಮಾತ್ರ ನೋಯುತ್ತದೆ, ಸೀರೆ ಅಂಗಡಿ ಹತ್ತುವಾಗ ನೋಯುವುದಿಲ್ಲ. ಹೋಟೆಲು ನಡೆಯುತ್ತಾ ಉಂಟು. ಎದುರುಗಡೆ ಹೊಸಬನೊಬ್ಬ ದೋಸೆ ಅಂಗಡಿ ಹಾಕಿದ್ದಾನೆ, ದೋಸೆಯೊಳಗೆ ನೂಡಲ್ಸು ತುಂಬುತ್ತಾನಂತೆ. ಟೋಪಿ ಹಾಕಿಕೊಂಡು ಹೋಗಿ ತಿಂದು ಬಂದೆ. ಭಯಪಡುವ ಕಾರಣ ಇಲ್ಲ.

ಈಗ ನಿದ್ದೆಯ ವಿಷಯ. ನಿನ್ನ ಮೊಮ್ಮಗಳು ಮಾನ್ಯ ರಾತ್ರಿ ಮಲಗುವುದಿಲ್ಲ ಎಂಬುದು ನಿನಗೆ ಗೊತ್ತು. ಎಷ್ಟರಮಟ್ಟಿಗೆ ಎಂದು ನಿನ್ನ ಮಗಳು ಹೇಳಿರುವುದಿಲ್ಲ. ಹತ್ತು ತಿಂಗಳ ಮಗು, ರಾತ್ರಿಯಿಡೀ ಎದ್ದು ಕೂರುವುದು, ಹಾಸಿಗೆಗೆ ಚಂಡೆ ಬಾರಿಸಿದ ಹಾಗೆ ಬಾರಿಸುವುದು, ಆಟಕ್ಕೆ ಕರೆಯುವುದು, ಕರೆದವರು ಬಾರದಿದ್ದರೆ ಕಿರುಚುವುದು. ಜ್ವರ ಇಲ್ಲ, ಹೊಟ್ಟೆನೋವು ಇಲ್ಲ. ಡಾಕ್ಟರು ತೂಕ ನೋಡಿ "ಫಸ್ಟ್ ಕ್ಲಾಸ್" ಎಂದು ಕಳಿಸಿದರು. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಮಗುವನ್ನು ನಮ್ಮ ಮನೆಯಲ್ಲಿ ಬಿಟ್ಟುಹೋಗುತ್ತಾರಲ್ಲ, ಆಗ ಗಂಡಹೆಂಡತಿ ಇಬ್ಬರ ಮುಖವೂ ಯಕ್ಷಗಾನದ ಆಟ ಮುಗಿಸಿ ಬಣ್ಣ ತೆಗೆಯದೆ ಬಂದ ವೇಷಧಾರಿಗಳ ಹಾಗೆ ಇರುತ್ತದೆ.

ನಿನ್ನ ಮಗಳು ಶ್ರೀರಕ್ಷಾ ಒಂದು ದಿನ ಬ್ಯಾಂಕಿನಿಂದ ಮೆಟ್ರೋದಲ್ಲಿ ಬರುತ್ತಾ ನಿದ್ದೆಹೋಗಿ, ಕಾಳಿಘಾಟ್‌ನಲ್ಲಿ ಇಳಿಯಬೇಕಾದವಳು ಲೈನಿನ ಕೊನೆಯವರೆಗೆ ಹೋಗಿ ಬಂದಳು. ಅದಕ್ಕೆ ನಗಬಹುದು. ಆಮೇಲಿನದಕ್ಕೆ ನಗುವ ಹಾಗಿಲ್ಲ. ಹಾಲು ಕಾಯಲಿಕ್ಕೆ ಇಟ್ಟು ಅಡುಗೆಮನೆ ಗೋಡೆಗೆ ಒರಗಿದವಳಿಗೆ ನಿಂತಲ್ಲೇ ಮಂಪರು. ಹಾಲು ಉಕ್ಕಿ, ಬೆಂಕಿ ಆರಿ, ಗ್ಯಾಸು ಮನೆಯಿಡೀ ತುಂಬಿತು. ಪುಣ್ಯಕ್ಕೆ ಗುರುಪ್ರಸಾದನ ಮೂಗು ಚುರುಕು. ಓಡಿ ಬಂದು ಕಿಟಕಿಗಳನ್ನೆಲ್ಲ ತೆರೆದ. ಏನೂ ಆಗಲಿಲ್ಲ. ಆದರೆ ಮರುದಿನವೇ ಅವಳು ನಿನಗೆ ಫೋನು ಮಾಡಿ, ದೀಪಾವಳಿ ಕಳೆದ ಮೇಲೆ ನೀನೂ ಭಾವನೂ ಬಂದು ಮಗುವನ್ನು ಊರಿಗೆ ಕರಕೊಂಡು ಹೋಗಿ, ಮೂರು ವರ್ಷ ತುಂಬುವವರೆಗೆ ಇಟ್ಟುಕೊಳ್ಳಿ ಎಂದು ಹೇಳಿದ್ದು ಈ ಹೆದರಿಕೆಯಿಂದ. ಗ್ಯಾಸಿನ ಕತೆ ನಿನಗೆ ಹೇಳಿಲ್ಲ ಅಷ್ಟೆ.

ನೀನು ಆಗಲೇ ಅಟ್ಟದಿಂದ ತೊಟ್ಟಿಲು ಇಳಿಸಿ ತೊಳೆದು ಒಣಗಿಸಿದ್ದೀಯಂತೆ. ಅಜ್ಜಿಗೆ ಆಸೆ ಇರುವುದು ತಪ್ಪಲ್ಲ. ಆದರೆ ನನಗೆ ಇದು ಒಪ್ಪಿಗೆ ಇಲ್ಲ. ಮೂರು ವರ್ಷ ತುಂಬಿ ಬಂದ ಮಗುವಿಗೆ ಶ್ರೀರಕ್ಷಾ ಯಾರು? ರಜೆಯಲ್ಲಿ ಬರುವ, ಒಳ್ಳೆ ಸೀರೆ ಉಡುವ ಒಬ್ಬ ಹೆಂಗಸು. ಅದು ಗೊತ್ತಿದ್ದೇ ಅವಳು ಈಗೀಗ ಮಗುವನ್ನು ಎತ್ತಿಕೊಂಡಾಗ ಮುಖ ಆಚೆ ತಿರುಗಿಸುತ್ತಾಳೆ.

ನೀನು ಟಿಕೆಟಿಗೆ ಅವಸರ ಮಾಡಬೇಡ. ನಾನಿದ್ದೇನೆ. ಒಂದು ಗುಟ್ಟು ಹೇಳುತ್ತೇನೆ, ನಿನ್ನಲ್ಲೇ ಇರಲಿ. ಮಾನ್ಯಳಿಗೆ ನಿದ್ದೆ ಬರುವುದಿಲ್ಲ ಎಂಬುದು ಶುದ್ಧ ಸುಳ್ಳು. ನನ್ನ ಕೈಯಲ್ಲಿ ಬರುತ್ತದೆ! ಮಧ್ಯಾಹ್ನ ಊಟದ ಗಿರಾಕಿ ಕರಗಿದ ಮೇಲೆ ಅರ್ಧ ಶಟರು ಎಳೆದು, ಮಾರನೇ ದಿನದ ಹಿಟ್ಟಿಗೆ ಗ್ರೈಂಡರು ಹಾಕುತ್ತೇವಲ್ಲ, ಅದರ ಪಕ್ಕ ಕುರ್ಚಿ ಹಾಕಿ ಮಗುವನ್ನು ಎದೆಗೆ ಹಾಕಿಕೊಂಡು ಕೂರುತ್ತೇನೆ. ಕಲ್ಲು ತಿರುಗುವ ಸದ್ದು ಒಂದು ಕಡೆ, ನನ್ನ ಅಂಗೈ ತಟ್ಟುವುದು ಒಂದು ಕಡೆ. ಉದ್ದಿನಬೇಳೆ ನುಣ್ಣಗಾಗುವ ಮೊದಲು ಮಗು ಮೆತ್ತಗಾಗಿರುತ್ತದೆ. ಮತ್ತೆ ದೀಪ ಹಚ್ಚುವ ಹೊತ್ತಿನವರೆಗೆ ಮಿಸುಕುವುದಿಲ್ಲ. ನಾನೂ ಮಿಸುಕುವುದಿಲ್ಲ. ಎಡಗೈ ಮರಗಟ್ಟಿ ಹೋಗುತ್ತದೆ, ಸೊಳ್ಳೆ ಕಚ್ಚಿದರೆ ಕಚ್ಚಿಸಿಕೊಳ್ಳುತ್ತೇನೆ. ಅಡುಗೆಯ ಸುಬ್ರಹ್ಮಣ್ಯ ಪಾತ್ರೆ ಬೀಳಿಸಿದರೆ ಕಣ್ಣಲ್ಲೇ ಸುಡುತ್ತೇನೆ. ಇಡೀ ಕೋಲ್ಕತಾದಲ್ಲಿ ಮಗು ಮಲಗಿಸುವುದರಲ್ಲಿ ನನ್ನ ಸಮ ಇನ್ನೊಬ್ಬ ಇದ್ದರೆ ತೋರಿಸು.

ಇದನ್ನು ಊರಿಗೆಲ್ಲ ಸಾರಬೇಕು ಎಂದು ನಾಲಿಗೆ ತುರಿಸುತ್ತದೆ. ಆದರೆ ವನಮಾಲಾ ಮೊದಲ ದಿನವೇ ಆಣೆ ಹಾಕಿಸಿದ್ದಾಳೆ. "ಮಗು ಉಂಡದ್ದು, ಮಲಗಿದ್ದು ಬಾಯಿಬಿಟ್ಟು ಹೇಳುವ ಸಂಗತಿಯಾ? ದೃಷ್ಟಿ ಆಗ್ತದೆ. ಪರರದ್ದಕ್ಕಿಂತ ನಮ್ಮವರದ್ದೇ ಮೊದಲು ತಾಗುವುದು. ನಿಮ್ಮ ಬಾಯಿ ಒಂದು ಮುಚ್ಚಿಕೊಳ್ಳಿ." ಸಾಯಂಕಾಲ ಶ್ರೀರಕ್ಷಾ ಚಪ್ಪಲಿ ಬಿಡುವ ಮೊದಲೇ ಕೇಳುತ್ತಾಳೆ, "ಅತ್ತೆ, ಮಧ್ಯಾಹ್ನ ಮಲಗಿದ್ಲಾ?" ವನಮಾಲಾ ಮುಖ ಸಣ್ಣದು ಮಾಡಿ, "ಎಲ್ಲಿಯ ನಿದ್ದೆ ಮಗಾ, ಒಂದು ಕೋಳಿನಿದ್ದೆ ಅಷ್ಟೆ" ಎನ್ನುತ್ತಾಳೆ. ನಾನು ಕೆಮ್ಮುತ್ತೇನೆ.

"ಪಾಪ, ಸುಸ್ತಾಗಿದ್ದಾಳೆ" ಎಂದು ಶ್ರೀರಕ್ಷಾ ಮಗುವನ್ನು ಗಡಿಬಿಡಿಯಲ್ಲಿ ಕರಕೊಂಡು ಹೋಗಿ ಏಳು ಗಂಟೆಗೇ ಮಲಗಿಸುತ್ತಾಳೆ. ನಿದ್ದೆಗೆಟ್ಟ ಮಗು ಮತ್ತಷ್ಟು ನಿದ್ದೆಗೆಡುತ್ತದೆ, ಬೇಗ ಮಲಗಿಸಿ ಎಂದು ಯಾವುದೋ ಪುಸ್ತಕದಲ್ಲಿ ಉಂಟಂತೆ. ಪುಸ್ತಕದಿಂದ ಮಗು ಮಲಗುವುದಾದರೆ ಹರಿದಾಸ ಯಾಕೆ ಬೇಕು?

ನಿನಗೆ ಬರೆದದ್ದರಿಂದ ದೃಷ್ಟಿ ಆಗುವುದಿಲ್ಲ. ಬಾಯಲ್ಲಿ ಹೇಳಿದರೆ ಮಾತ್ರ ಎಂದು ನಾನೇ ತೀರ್ಪು ಕೊಟ್ಟುಕೊಂಡಿದ್ದೇನೆ. ರಾತ್ರಿಯದ್ದನ್ನೂ ಸರಿಮಾಡುತ್ತೇನೆ. ಕಾಳಿಘಾಟ್‌ನಿಂದ ದೇವಿಯ ಕೆಂಪು ದಾರ ತಂದು ಮಗುವಿನ ಕೈಗೆ ಕಟ್ಟಿದ್ದೇನೆ.

ನಿನ್ನ ತಮ್ಮ,
ಹರಿದಾಸ

&nbsp;

ಗರಿಯಾಹಾಟ್
೧೦ ಅಕ್ಟೋಬರ್ ೨೦೨೫

ಅಕ್ಕಾ,

ಪೂಜೆ ಮುಗಿಯಿತು, ಕೈಗೆ ಪೆನ್ನು ಹಿಡಿಯುವ ಬಿಡುವು ಈಗ ಸಿಕ್ಕಿದ್ದು. ದುರ್ಗಾಪೂಜೆಯ ದಿನಗಳಲ್ಲಿ ಗರಿಯಾಹಾಟ್‌ನಲ್ಲಿ ಹೋಟೆಲು ಇಟ್ಟವನಿಗೆ ಕಾಗದ ಬರೆಯುವುದು ಇರಲಿ, ಮೂಗು ಒರೆಸಲಿಕ್ಕೂ ಪುರುಸೊತ್ತು ಇಲ್ಲ. ನೂಡಲ್ಸು ದೋಸೆಯವನಲ್ಲೂ ಜನ ಇತ್ತು. ನಮ್ಮಲ್ಲಿ ಜಾಗ ಸಿಗದೆ ಹೋದವರು.

ಬ್ಯಾಂಕಿಗೆ ರಜೆ, ಗುರುಪ್ರಸಾದನೂ ರಜೆ ಹಾಕಿದ್ದ. ಮಗು ಅಷ್ಟೂ ದಿನ ಸದರ್ನ್ ಅವೆನ್ಯೂದ ಅವರ ಫ್ಲ್ಯಾಟಿನಲ್ಲೇ ಇತ್ತು. ಅವರ ಕಿಟಕಿಯ ಕೆಳಗೇ ಪೆಂಡಾಲು. ಬೆಳಗಾದರೆ ಢಾಕಿನ ಬಡಿತ, ರಾತ್ರಿಯಾದರೆ ಮೈಕು. "ಮೊದಲೇ ಮಲಗದ ಮಗು, ಇನ್ನು ಕೇಳುವುದೇ ಬೇಡ" ಎಂದು ಶ್ರೀರಕ್ಷಾ ಅಳುವುದೊಂದು ಬಾಕಿ. ಆದದ್ದೇ ಬೇರೆ. ಸಪ್ತಮಿಯ ರಾತ್ರಿ ಮಲಗಿದ ಮಗು ಬೆಳಕು ಹರಿದ ಮೇಲೆ ಎದ್ದಿತು. ಅಷ್ಟಮಿಯೂ ಹಾಗೆಯೇ, ನವಮಿಯೂ ಹಾಗೆಯೇ. ಗಾಬರಿಯಿಂದ ಮೂಗಿನ ಹತ್ತಿರ ಬೆರಳು ಇಟ್ಟು ನೋಡಿದರಂತೆ.

ನೀನು ಆನೆಗುಡ್ಡೆ ಗಣಪತಿಗೆ ಹೇಳಿಕೊಂಡದ್ದರ ಫಲ ಎಂದು ಫೋನಿನಲ್ಲಿ ಹೇಳಿದೆಯಂತೆ. ಶ್ರೀರಕ್ಷಾ ದುರ್ಗೆಯ ಕೃಪೆ ಎಂದಳು. ನಾನು ಕಾಳಿಘಾಟ್ ದಾರದ ಸುದ್ದಿ ಎತ್ತಿದೆ. ದೇವರುಗಳು ತಮ್ಮತಮ್ಮೊಳಗೆ ಪಾಲು ಮಾಡಿಕೊಳ್ಳಲಿ ಎಂದು ಬಿಟ್ಟೆವು.

ಆದರೆ ರಜೆ ಮುಗಿದು, ಮಗು ಪುನಃ ನಮ್ಮಲ್ಲಿಗೆ ಬರಲಿಕ್ಕೆ ಶುರುವಾದದ್ದೇ, ರಾತ್ರಿಯ ಚಂಡೆಯೂ ಶುರು. ನಿನ್ನೆ ನಮ್ಮಿಬ್ಬರನ್ನೂ ಅವರು ಊಟಕ್ಕೆ ಕರೆದಿದ್ದರು. ಅಲ್ಲಿ ನಡೆದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಗುರುಪ್ರಸಾದನಿಗೆ ರೈಲ್ವೆಯಲ್ಲಿ ಸಿಗ್ನಲು ಕೆಟ್ಟರೆ ಯಾಕೆ ಕೆಟ್ಟಿತು ಎಂದು ಹುಡುಕುವ ಕೆಲಸ. ಹುಳಿಯಲ್ಲಿ ಕೈ ಆಡಿಸುತ್ತಾ ಅದೇ ಧಾಟಿಯಲ್ಲಿ ಕೇಳಿದ, "ಪೂಜೆಯ ದಿವಸ ಮಲಗಿದವಳು ಈಗ ಯಾಕೆ ಮಲಗುವುದಿಲ್ಲ? ಎಂತ ವ್ಯತ್ಯಾಸ ಆಯ್ತು?"

"ದಾರ," ಎಂದೆ.

"ದಾರ ಈಗಲೂ ಕೈಯಲ್ಲಿ ಉಂಟಲ್ಲ ಮಾವ."

"ಶಕ್ತಿ ಮುಗಿದಿರಬಹುದು. ರೀಚಾರ್ಜ್ ಮಾಡಿಸುವ."

ಶ್ರೀರಕ್ಷಾ ನಗಲಿಲ್ಲ. ಅನ್ನ ಕಲಸುವುದು ನಿಲ್ಲಿಸಿದಳು. "ಅಮ್ಮನ ಹತ್ತಿರ ಬಿಡುವುದೇ ಸರಿ. ಈ ಊರಿನಲ್ಲಿ ಇವಳಿಗೆ ನಿದ್ದೆ ಎಂಬುದೇ ಇಲ್ಲ. ರಾತ್ರಿಯೂ ಇಲ್ಲ, ಹಗಲೂ ಇಲ್ಲ. ಅತ್ತೆ, ಮಾವ ಇಬ್ಬರೂ ಅಷ್ಟು ಕಷ್ಟಪಟ್ಟರೂ ಒಂದು ಕೋಳಿನಿದ್ದೆ."

ಅಕ್ಕಾ, ನಾನು ಎಷ್ಟು ತಡೆದುಕೊಳ್ಳಲಿ? ಹಗಲೂ ಇಲ್ಲ ಎಂದರೆ ಏನರ್ಥ? ನನ್ನ ಮಧ್ಯಾಹ್ನಗಳೆಲ್ಲ ನೀರಿಗೆ ಹೋದ ಹಾಗಲ್ಲವಾ? "ಯಾರು ಹೇಳಿದ್ದು ಹಗಲು ಮಲಗುವುದಿಲ್ಲ ಎಂದು?" ಎಂದೆ. ವನಮಾಲಾ ಮೇಜಿನ ಅಡಿಯಲ್ಲಿ ನನ್ನ ಕಾಲು ತುಳಿದಳು. ತುಳಿದರೆ ನಿಲ್ಲುವ ಬಾಯಿಯಾ ಇದು? "ಗಿರಾಕಿ ಕರಗಿದ ಹೊತ್ತಿಗೆ ನನ್ನ ಎದೆ ಮೇಲೆ ಬಿದ್ದರೆ ದೀಪ ಹಚ್ಚುವವರೆಗೆ ಹಂದುವುದಿಲ್ಲ. ಒಂದು ದಿವಸ ತಪ್ಪಿಲ್ಲ. ಬೇಕಾದರೆ ಸುಬ್ರಹ್ಮಣ್ಯನನ್ನು ಕೇಳಿ!" ಎಂದು ಎದೆ ತಟ್ಟಿಕೊಂಡೆ.



"ಅತ್ತೆ?" ಎಂದಳು ಶ್ರೀರಕ್ಷಾ.

"ದೃಷ್ಟಿ ಆಗಬಾರದು ಅಂತ ಹಾಗೆ ಹೇಳ್ತಿದ್ದೆ ಮಗಾ," ಎಂದು ವನಮಾಲಾ ಬಟ್ಟಲನ್ನು ನೋಡುತ್ತಾ ಹೇಳಿದಳು.

ಗುರುಪ್ರಸಾದ ಕೋಪಿಸಿಕೊಳ್ಳುವ ಜಾತಿ ಅಲ್ಲ. ಎದ್ದು ಕೈ ತೊಳೆದು ಬಂದು, ನಿಧಾನಕ್ಕೆ ಹೇಳಿದ. "ಮಾವ, ಅವಳು ರಾತ್ರಿಯ ನಿದ್ದೆಯನ್ನು ನಿಮ್ಮ ಹೋಟೆಲಿನಲ್ಲೇ ಮಾಡಿ ಮುಗಿಸ್ತಾಳೆ. ಆಗ ತಾನೇ ಎದ್ದ ಮಗುವನ್ನು ಇಲ್ಲಿಗೆ ತಂದು, ಪಾಪ ನಿದ್ದೆ ಆಗಿಲ್ಲ ಎಂದು ನಾವು ಪುನಃ ಮಲಗಿಸ್ತೇವೆ. ಮತ್ತೆ ಅವಳು ಎಂತ ಮಾಡಬೇಕು, ಹೇಳಿ."

ಶ್ರೀರಕ್ಷಾ ನನ್ನ ಕಡೆ ನೋಡಿ ಬಾಯಿ ತೆರೆದಳು, ಮುಚ್ಚಿದಳು. ಮಕ್ಕಳಿಲ್ಲದವರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು ಎಂಬ ಮಾತೇ ಇರಬೇಕು, ಬೇರೆ ಎಂತದು ಇರುತ್ತದೆ? ಹೇಳಿದ್ದರೂ ತಪ್ಪಾಗುತ್ತಿರಲಿಲ್ಲ. ಒಳ್ಳೆಯ ಹುಡುಗಿ, ನುಂಗಿಕೊಂಡಳು. "ಮಾವ, ಸಾರು ಹಾಕ್ಲಾ?" ಎಂದಳು. ಹಾಕು ಎಂದೆ.

ಈಗ ಹೊಸ ಕಾನೂನು ಬಂದಿದೆ. ಮಧ್ಯಾಹ್ನ ಬೇಗ ಮಲಗಿಸಬೇಕು, ಬಿಸಿಲು ಇರುವಾಗಲೇ ಎಬ್ಬಿಸಬೇಕು. ಸಂಜೆ ಅವರ ಮನೆಯಲ್ಲಿ ದಿನವೂ ಒಂದೇ ಕ್ರಮ, ಸ್ನಾನ, ರಾಗಿಮಣ್ಣಿ, ದೀಪ ಸಣ್ಣದು. ಕಣ್ಣು ಬಿಟ್ಟಿರುವಾಗಲೇ ಹಾಸಿಗೆಯಲ್ಲಿ ಮಲಗಿಸಿ, ಗುರುಪ್ರಸಾದ ಪಕ್ಕದಲ್ಲಿ ಕೂತಿರುವುದು. ಎತ್ತಿಕೊಳ್ಳುವ ಹಾಗಿಲ್ಲ, ತೂಗುವ ಹಾಗಿಲ್ಲ. ಮಗು ತಾನಾಗಿಯೇ ನಿದ್ದೆಗೆ ಹೋಗುವುದನ್ನು ಕಲಿಯಬೇಕಂತೆ, ನಡುವೆ ಎಚ್ಚರಾದರೂ ಯಾರನ್ನೂ ಕರೆಯದೆ ಮಲಗುವುದಕ್ಕೆ. ನಿದ್ದೆಯನ್ನೂ ಕಲಿಸಬೇಕಾ ಎಂದು ಕೇಳಿದೆ. "ಹೌದು ಮಾವ" ಎಂದ.

ಇದು ದೀಪಾವಳಿಯೊಳಗೆ ಸರಿಹೋದರೆ ಮಗು ಇಲ್ಲೇ. ಇಲ್ಲದಿದ್ದರೆ ನಿಮ್ಮ ಟಿಕೆಟು ನಿಶ್ಚಯ. ಎಬ್ಬಿಸುವುದು ಎಂಥ ದೊಡ್ಡ ವಿದ್ಯೆ? ಮಲಗಿಸಿದವನಿಗೆ ಎಬ್ಬಿಸಲಿಕ್ಕೆ ಬರುವುದಿಲ್ಲವಾ? ನೀನು ಚಿಂತೆ ಮಾಡಬೇಡ.

ಹರಿದಾಸ

&nbsp;

ಗರಿಯಾಹಾಟ್
೨೩ ನವೆಂಬರ್ ೨೦೨೫

ಪ್ರೀತಿಯ ಅಕ್ಕನಿಗೆ,

ಈ ಸಲ ತಡವಾದದ್ದಕ್ಕೆ ನೆಪ ಇಲ್ಲ. ಬಿಡುವು ಬೇಕಾದಷ್ಟು ಇತ್ತು. ಬರೆಯಲಿಲ್ಲ ಅಷ್ಟೆ.

ಟಿಕೆಟು ರದ್ದು ಮಾಡಿಸಿದ ಸುದ್ದಿ ಶ್ರೀರಕ್ಷಾ ನಿನಗೆ ತಿಳಿಸಿದ್ದಾಳೆ. ಮಾನ್ಯ ಊರಿಗೆ ಬರುವುದಿಲ್ಲ. ರಾತ್ರಿ ಮಲಗಿದರೆ ಬೆಳಿಗ್ಗೆಯೇ ಏಳುವುದು. ಮಧ್ಯೆ ಒಮ್ಮೊಮ್ಮೆ ಎದ್ದು ಒಂದೆರಡು ಮಾತು ತನ್ನಷ್ಟಕ್ಕೆ ಆಡಿಕೊಂಡು ಪುನಃ ಮಲಗುತ್ತಾಳಂತೆ. ನಿನಗೆ ಬೇಸರ ಆಗಿರುತ್ತದೆ, ನನಗೆ ಗೊತ್ತು. ತೊಟ್ಟಿಲನ್ನು ಅಟ್ಟಕ್ಕೆ ಹತ್ತಿಸಲಿಕ್ಕೆ ಭಾವನಿಗೆ ಹೇಳು, ನೀನು ಏಣಿ ಹತ್ತಬೇಡ. ಆದರೆ ನಿನ್ನ ಮಗಳ ಮುಖ ಈಗ ನೋಡಬೇಕು. ಮೊನ್ನೆ ಬ್ಯಾಂಕಿನಲ್ಲಿ ಯಾರ ಮೇಲೋ ಸಿಟ್ಟುಮಾಡಿ ಬಂದಳಂತೆ. ಸಿಟ್ಟು ಮಾಡುವಷ್ಟು ತ್ರಾಣ ಬಂದಿದೆ.

ಇದು ಹೇಗಾಯಿತು ಎಂದು ಅವಳು ಪೂರ್ತಿ ಹೇಳಿರುವುದಿಲ್ಲ, ನನ್ನ ಮರ್ಯಾದೆಗೆ. ನಾನೇ ಹೇಳುತ್ತೇನೆ.

ಹೊಸ ಕಾನೂನಿನ ಮೊದಲ ದಿನ ವನಮಾಲಾ ಮಗುವನ್ನು ಬೇಗ ಉಣ್ಣಿಸಿದಳು, ನಾನು ಗಿರಾಕಿಗಳನ್ನು ಸುಬ್ರಹ್ಮಣ್ಯನಿಗೆ ಬಿಟ್ಟು ಬಂದು ಬೇಗ ಮಲಗಿಸಿದೆ. ಅಲ್ಲಿಯವರೆಗೆ ಸರಿ. ಎಬ್ಬಿಸುವ ಹೊತ್ತು ಬಂತು. ಸುಬ್ರಹ್ಮಣ್ಯ ಬಾಗಿಲಲ್ಲಿ ನಿಂತು, "ಧಣಿ, ಬಿಸಿಲು ಎದುರಿನ ಗೋಡೆ ಹತ್ತಿತು" ಎಂದ. ನೋಡಿದೆ. ಮಗು ಬಾಯಿ ಸ್ವಲ್ಪ ತೆರೆದು, ಮುಷ್ಟಿಯಲ್ಲಿ ನನ್ನ ಅಂಗಿಯ ಗುಂಡಿ ಹಿಡಿದುಕೊಂಡು ಮಲಗಿತ್ತು. ತಪಸ್ಸಿಗೆ ಕೂತವರನ್ನು ಎಬ್ಬಿಸಿದವರ ಗತಿ ಏನಾಗಿದೆ ಎಂದು ನಾವು ಎಷ್ಟು ಆಟದಲ್ಲಿ ನೋಡಿಲ್ಲ? "ಇನ್ನೊಂದು ಗಳಿಗೆ" ಎಂದೆ. ವನಮಾಲಾ ಒದ್ದೆ ಬಟ್ಟೆ ತಂದಳು. ಅವಳನ್ನು ಗದರಿಸಿ ಕಳಿಸಿದೆ. ದೀಪ ಹಚ್ಚಿದರು.

ಮರುದಿನವೂ ಅದೇ. ಅದರ ಮರುದಿನ ಶ್ರೀರಕ್ಷಾ ಬ್ಯಾಂಕಿನಿಂದ ಬೇಗ ಹೊರಟು, ಹೇಳದೆ ಕೇಳದೆ, ಅರ್ಧ ಶಟರಿನ ಅಡಿಯಲ್ಲಿ ಬಗ್ಗಿ ಒಳಗೆ ಬಂದಳು. ಹೊರಗೆ ಬೀದಿದೀಪ ಹತ್ತಿತ್ತು. ನಾನು ಕುರ್ಚಿಯಲ್ಲಿ, ಮಗು ನನ್ನ ಮೇಲೆ. ಜಗಳ ಮಾಡುತ್ತಾಳೆ ಎಂದು ಉತ್ತರ ತಯಾರಿ ಮಾಡಿಕೊಂಡೆ, ನನಗೆ ಉತ್ತರಕ್ಕೆ ಯಾವತ್ತು ಬರ? ಅವಳು ಜಗಳ ಮಾಡಲಿಲ್ಲ.  ಆಮೇಲೆ ಗುಂಡಿಯಿಂದ ಮಗುವಿನ ಬೆರಳು ಬಿಡಿಸಿ ಎತ್ತಿಕೊಂಡಳು.

"ಮಾವ, ನಿಮ್ಮ ಕೈಯಲ್ಲಿ ಇದು ಆಗುವುದಿಲ್ಲ," ಎಂದಳು. "ಅವಳು ಊರಿಗೆ ಹೋದರೆ ನನಗೆ ಸಿಗುವುದಿಲ್ಲ. ಅದಕ್ಕೇ ಹೇಳ್ತಿದ್ದೇನೆ, ಬೇಜಾರು ಮಾಡಬೇಡಿ."

"ಬೇಜಾರು ಎಂತದ್ದು? ನನಗೂ ಮಧ್ಯಾಹ್ನ ಹೋಟೆಲಿನ ಕೆಲಸ ನೂರು ಉಂಟು," ಎಂದೆ.

ಮಾರನೇ ವಾರದಿಂದ ಅವರ ಮನೆಗೇ ಮಿನತಿ ಎಂಬ ಹೆಂಗಸು ಬರುತ್ತಾಳೆ, ಮಗು ನೋಡಿಕೊಳ್ಳಲಿಕ್ಕೆ. ಮಿನತಿ ಮಾಸಿ, ಅಂದರೆ ಚಿಕ್ಕಮ್ಮ, ಎನ್ನುತ್ತಾರೆ. ಬಿಸಿಲು ಇರುವಾಗಲೇ ಎಬ್ಬಿಸಿ, ಮುಖ ತೊಳೆಸಿ, ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಸರೋವರದ ದಂಡೆಗೆ ಬಾತುಕೋಳಿ ತೋರಿಸಲಿಕ್ಕೆ ಹೋಗುತ್ತಾಳೆ. ಒಂದು ದಿನ ಸಾಮಾನು ತರುವ ನೆಪದಲ್ಲಿ ಆ ಕಡೆ ಹೋಗಿ ದೂರದಿಂದ ನೋಡಿದೆ. ತಕರಾರು ಹೇಳುವಂಥದ್ದು ಏನೂ ಸಿಗಲಿಲ್ಲ.

ರಾತ್ರಿಯ ಪಾಠ ಗುರುಪ್ರಸಾದನದ್ದು. ಮೊದಲ ಕೆಲವು ರಾತ್ರಿ ಮಗು ಕಿರುಚಿದ್ದಕ್ಕೆ ಎದುರು ಫ್ಲ್ಯಾಟಿನ ಬಂಗಾಳಿ ಹೆಂಗಸೊಬ್ಬರು ಬಾಗಿಲು ತಟ್ಟಿ, "ಮಗುವಿಗೆ ಹೊಡೆಯುತ್ತೀರಾ?" ಎಂದು ಕೇಳಿದರಂತೆ. ಅವನು ಬಾಗಿಲಲ್ಲೇ ಅವರಿಗೆ ನಿದ್ದೆಯ ವಿಷಯದಲ್ಲಿ ಭಾಷಣ ಕೊಟ್ಟು, ಹೋಗಿ ಪುನಃ ಹಾಸಿಗೆಯ ಪಕ್ಕ ಕೂತ. ಎತ್ತಲಿಲ್ಲ, ಬಿಟ್ಟೂ ಹೋಗಲಿಲ್ಲ. ಮಗುವಿನ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತದ್ದು. ಒಂದು ವಾರದಲ್ಲಿ ಕಿರುಚು ಗೊಣಗು ಆಯಿತು, ಆಮೇಲೆ ಅದೂ ನಿಂತಿತು. ಎರೆಹುಳದ ಸಹಿಯವನಾದರೂ ತಾಳ್ಮೆಯ ಮನುಷ್ಯ. ನನ್ನಷ್ಟಲ್ಲ, ಆದರೂ ಪರವಾಗಿಲ್ಲ.

ಹೋಟೆಲಿನ ಮಟ್ಟಿಗೆ ಎಲ್ಲ ಚೆನ್ನಾಗಿದೆ. ಮಧ್ಯಾಹ್ನವೂ ಶಟರು ಪೂರ್ತಿ ತೆರೆದಿಟ್ಟಿದ್ದೇನೆ, ಕಾಫಿಗೆ ಜನ ಬರುತ್ತಾರೆ. ವನಮಾಲಾ ನಿನಗೆ ನಮಸ್ಕಾರ ಹೇಳಿದ್ದಾಳೆ. ಭಾವನಿಗೂ ನಮ್ಮಿಬ್ಬರದ್ದು ತಿಳಿಸು. ಹಿರಿಯಳು ನೀನು, ಆ ಮಗುವಿಗೂ ಅದರ ತಾಯಿಗೂ ತುಂಬ ಹರಸು. ಹರಸಿ ಸ್ವಲ್ಪ ಉಳಿದರೆ ನನಗೂ ಇರಲಿ.

ನಿನ್ನ ತಮ್ಮ,
ಹರಿದಾಸ

ಮೇಲೆ ಬರೆಯದೆ ಬಿಟ್ಟದ್ದು: ಕಳೆದ ಭಾನುವಾರ ಅವರು ಮೂವರೂ ನಮ್ಮಲ್ಲಿಗೆ ಊಟಕ್ಕೆ ಬಂದಿದ್ದರು. ಊಟ ಆದ ಮೇಲೆ ಮಾನ್ಯ ಕಣ್ಣು ಉಜ್ಜಿಕೊಂಡಳು. ನಾನು ಎತ್ತಿಕೊಂಡೆ. ಅಳಲಿಲ್ಲ, ಅತ್ತಿದ್ದರೆ ಆಗುತ್ತಿತ್ತು. ನೆಂಟರ ಮನೆಯ ಯಜಮಾನರನ್ನು ನೋಡುವ ಹಾಗೆ ಒಮ್ಮೆ ನೋಡಿ, ಮೈ ಬಿಗಿಹಿಡಿದು ಕೂತಳು. "ಕೆಳಗೆ ಬಿಡಿ ಮಾವ, ಮಲಗಲಿಕ್ಕೆ ಅವಳಿಗೆ ಈಗ ಯಾರೂ ಬೇಡ," ಎಂದಳು ಶ್ರೀರಕ್ಷಾ, ಸಂತೋಷದಿಂದಲೇ. ಚಾಪೆಯ ಮೇಲೆ ಬಿಟ್ಟೆ. ಮಗ್ಗುಲು ತಿರುಗಿ, ತನ್ನಷ್ಟಕ್ಕೆ ಏನೋ ಗುನುಗಿಕೊಂಡು ಮಲಗಿದಳು. ಹೊತ್ತಾದ ಮೇಲೆ, ಎಬ್ಬಿಸಿ ಎಂದು ನನಗೇ ಹೇಳಿದರು. ಈ ಸಲ ಎಬ್ಬಿಸಿದೆ. ಒಂದೇ ಸಲ ಹೆಸರು ಕರೆದೆ. ಕೂಡಲೇ ಎದ್ದು ಕೂತು, ಅಮ್ಮ ಎಲ್ಲಿ ಎಂದು ನನ್ನ ಆಚೆಗೆ ನೋಡಿದಳು.